ನಿವೃತ್ತ ಕ್ರೇನಿಗೊಂದು ಹೊಸ ಕೆಲಸ

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆಲ್ಲ ಕ್ಯಾಂಟಿಲಿವರ್ ಪರಿಚಯ ಇದ್ದೇ ಇರುತ್ತದೆ. ಒಂದು ತುದಿ ಭದ್ರ, ಇನ್ನೊಂದು ತುದಿ ಗಾಳಿಯಲ್ಲಿ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ ಬರೆದು ಅಂಕ ಗಿಟ್ಟಿಸಿ ಮರೆತುಬಿಡುತ್ತೇವೆ. ಆದರೆ ಆ ಚಿತ್ರ ಉಕ್ಕಿನ ರೂಪದಲ್ಲಿ 150 ಅಡಿ ಎತ್ತರಕ್ಕೆ ನಿಂತಿರುವ ಊರೊಂದಿದೆ: ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್. ಕ್ರೇನಿನ ಹೆಸರು ಟೈಟಾನ್.

1907ರಲ್ಲಿ ಜಾನ್ ಬ್ರೌನ್ ಹಡಗುಕಟ್ಟೆಗಾಗಿ ಸರ್ ವಿಲಿಯಂ ಆರಲ್ ಕಂಪನಿ ಇದನ್ನು ಕಟ್ಟಿತು. ನೋಡಲು ಸುತ್ತಿಗೆಯಂತಿದೆ. ಗೋಪುರದ ನೆತ್ತಿಯ ಮೇಲೆ ಸುತ್ತಲೂ ತಿರುಗುವ ಉದ್ದನೆಯ ತೋಳು. ಒಂದು ಕಡೆ ಹಡಗಿಗೆ ಇಳಿಸಬೇಕಾದ ಎಂಜಿನ್ ಅಥವಾ ಬಾಯ್ಲರ್, ಇನ್ನೊಂದು ಕಡೆ ಅದನ್ನು ಸರಿದೂಗಿಸುವ ಭಾರ. ಎತ್ತುವ ಯಂತ್ರಗಳನ್ನು ಹಿಂಬದಿಯಲ್ಲೇ ಇಟ್ಟಿದ್ದರಿಂದ ಅವುಗಳ ತೂಕವೂ ಕೆಲಸಕ್ಕೆ ಬಂತು. ವಿದ್ಯುತ್ತಿನಿಂದ ನಡೆಯುತ್ತಿದ್ದ ಇದು ಮೊದಲು 150 ಟನ್, 1938ರ ನಂತರ 200 ಟನ್ ಎತ್ತುತ್ತಿತ್ತು. ಕ್ವೀನ್ ಮೇರಿ, ಕ್ವೀನ್ ಎಲಿಜಬೆತ್‌ನಂಥ ದೈತ್ಯ ಹಡಗುಗಳು ಸಜ್ಜಾದದ್ದು ಈ ಹಡಗುಕಟ್ಟೆಯಲ್ಲೇ.

1941ರ ಮಾರ್ಚ್‌ನಲ್ಲಿ ಜರ್ಮನಿಯ ವಿಮಾನಗಳು ಎರಡು ರಾತ್ರಿ ಬಾಂಬ್ ಸುರಿಸಿದಾಗ ಊರಿನ ಬಹುತೇಕ ಮನೆಗಳು ಹಾಳಾದವು. ಟೈಟಾನ್ ಮಾತ್ರ ನಿಂತೇ ಇತ್ತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮಾರುಕಟ್ಟೆ. ಹಡಗುಗಳ ಆರ್ಡರ್‌ಗಳು ಬೇರೆ ದೇಶಗಳ ಪಾಲಾದವು. 1971ರಲ್ಲಿ ಕ್ಲೈಡ್ ನದಿಯ ಹಡಗುಕಟ್ಟೆಗಳನ್ನು ಮುಚ್ಚುವ ಮಾತು ಬಂದಾಗ ಕಾರ್ಮಿಕರು ಮುಷ್ಕರ ಹೂಡಲಿಲ್ಲ. ಬದಲಿಗೆ, ಕೆಲಸ ನಿಲ್ಲಿಸದೆ ದುಡಿದೇ ಪ್ರತಿಭಟಿಸಿದರು. ಸರ್ಕಾರ ಮಣಿಯಿತು. ಆದರೂ ಕ್ಲೈಡ್‌ಬ್ಯಾಂಕ್‌ನ ಹಡಗುಕಟ್ಟೆಗೆ ಸಿಕ್ಕಿದ್ದು ಕೆಲವು ದಶಕಗಳ ಆಯಸ್ಸಷ್ಟೇ. ಶೆಡ್‌ಗಳು ನೆಲಸಮವಾದವು, ಕ್ರೇನ್ ಒಂಟಿಯಾಯಿತು.

ಗುಜರಿಗೆ ಹಾಕಿದ್ದರೆ ಉಕ್ಕಿನ ಬೆಲೆ ಬರುತ್ತಿತ್ತು, ಅಲ್ಲಿಗೆ ಕತೆ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಸುಮಾರು 37.5 ಲಕ್ಷ ಪೌಂಡ್ ಖರ್ಚಿನಲ್ಲಿ ದುರಸ್ತಿ ಮಾಡಿ, ಮೇಲೇರಲು ಲಿಫ್ಟ್ ಅಳವಡಿಸಿ, 2007ರಲ್ಲಿ ಪ್ರವಾಸಿಗರಿಗೆ ತೆರೆದರು. ತೋಳಿನ ಮೇಲೆ ನಿಂತು ನದಿ ನೋಡಬಹುದಿತ್ತು, ಹಡಗು ಕಟ್ಟುವ ಕತೆ ಕೇಳಬಹುದಿತ್ತು. ಧೈರ್ಯವಿದ್ದವರು ಹಗ್ಗ ಕಟ್ಟಿಕೊಂಡು ಜಿಗಿಯಲೂಬಹುದಿತ್ತು. ವಿಚಿತ್ರವೆಂದರೆ, ಅದೇ ವರ್ಷ, ಅದೇ ನದಿಯ ಗೋವನ್‌ನಲ್ಲಿದ್ದ ಇದೇ ಬಗೆಯ ಮತ್ತೊಂದು ದೈತ್ಯ ಕ್ರೇನನ್ನು ಕಳಚಿ ಹಾಕಲಾಯಿತು.

2013ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಎಂಜಿನಿಯರ್‌ಗಳ ಸಂಸ್ಥೆಗಳು ಟೈಟಾನ್‌ಗೆ ಅಂತರರಾಷ್ಟ್ರೀಯ ಎಂಜಿನಿಯರಿಂಗ್ ಹೆಗ್ಗುರುತು ಎಂಬ ಗೌರವ ಕೊಟ್ಟವು. ಆದರೆ ಗೌರವದಿಂದ ತುಕ್ಕು ನಿಲ್ಲುವುದಿಲ್ಲ. ನದಿ ಬದಿಯ ಉಕ್ಕಿಗೆ ಮತ್ತೆ ಮತ್ತೆ ಬಣ್ಣ ಬೇಕು, ಲಿಫ್ಟಿಗೆ ತಪಾಸಣೆ ಬೇಕು, ಸಿಬ್ಬಂದಿಗೆ ಸಂಬಳ ಬೇಕು. ಕೆಲವು ವರ್ಷಗಳ ನಂತರ ಅಲ್ಲಿ ಪ್ರವಾಸಿಗರ ನಿತ್ಯ ಪ್ರವೇಶವೂ ನಿಂತಿತು. ಉದ್ಘಾಟನೆಗೆ ದುಡ್ಡು ಹೊಂದಿಸುವುದಕ್ಕಿಂತ ಹತ್ತನೇ ವರ್ಷದ ನಿರ್ವಹಣೆಗೆ ಹೊಂದಿಸುವುದೇ ಕಷ್ಟ.

ಕ್ರೇನ್ ನೋಡಲು ಬರುವವರ ಟಿಕೆಟ್ ದುಡ್ಡಿನಿಂದ ಸಾವಿರಾರು ಕಾರ್ಮಿಕರ ಸಂಬಳ ಹುಟ್ಟುವುದಿಲ್ಲ ಎಂಬುದೂ ನಿಜ. ಹಾಗಾದರೆ ಉಳಿಸಿದ್ದು ದಂಡವೇ? ನನಗೆ ಹಾಗನ್ನಿಸುವುದಿಲ್ಲ. ಅಪ್ಪ, ತಾತ ಏನು ಮಾಡುತ್ತಿದ್ದರು ಎಂದು ಆ ಊರಿನ ಹುಡುಗರು ಕೇಳಿದರೆ ಬೆರಳು ಮಾಡಿ ತೋರಿಸಲು ಒಂದು ಸಾಕ್ಷಿ ಉಳಿದಿದೆ.

ಹೊಸದನ್ನು ಡಿಸೈನ್ ಮಾಡುವುದನ್ನು ನಮಗೆ ಕಲಿಸುತ್ತಾರೆ. ಹಳೆಯದರ ಒಂದೊಂದು ರಿವೆಟ್ ಪರೀಕ್ಷಿಸಿ, ಇನ್ನೆಷ್ಟು ಭಾರ ತಾಳಬಲ್ಲದು ಎಂದು ಲೆಕ್ಕ ಹಾಕಿ, ಜನ ನಿರ್ಭಯವಾಗಿ ಹತ್ತುವಂತೆ ಮಾಡುವುದೂ ಅಷ್ಟೇ ಗಟ್ಟಿ ಎಂಜಿನಿಯರಿಂಗ್. ಪ್ಲೇಸ್‌ಮೆಂಟ್ ಪಟ್ಟಿಯಾಚೆಗೂ ಕೆಲಸ ಹುಡುಕುವವರು ಈ ದಾರಿಯನ್ನೂ ಒಮ್ಮೆ ನೋಡಬಹುದು.