ಪೈಲಟ್ ಆಗುವ ಕನಸೇ? ಹಾರುವ ಮೊದಲಿನ ತಪಾಸಣೆಯಲ್ಲಿ ಕಣ್ತಪ್ಪುವುದು ಇಲ್ಲಿ

ಪೈಲಟ್ ಆಗಬೇಕು ಎನ್ನುವ ಹುಡುಗ ಹುಡುಗಿಯರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದಕ್ಕೆ ಎಷ್ಟು ಲಕ್ಷ ಆಗುತ್ತದೆ ಅಂತ ಮನೆಯವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ಬಾರದ ಒಂದು ಕೆಲಸ ಪ್ರತಿ ಹಾರಾಟಕ್ಕೂ ಮೊದಲು ಇರುತ್ತದೆ. ಪಟ್ಟಿ ಕೈಯಲ್ಲಿ ಹಿಡಿದು, ವಿಮಾನಕ್ಕೆ ಪೂರ್ತಿ ಒಂದು ಸುತ್ತು ಬಂದು, ಮುಟ್ಟಿ ನೋಡುವ ಪ್ರಿಫ್ಲೈಟ್ ತಪಾಸಣೆ.

ಇದರಲ್ಲಿ ಕಷ್ಟದ್ದು ಏನೂ ಇಲ್ಲ. ಬಿಟ್ಟುಹೋಗುವುದೂ ಅದಕ್ಕೇ.

ತರಬೇತಿಯಲ್ಲಿ ಬಹಳ ಬಳಕೆಯಲ್ಲಿರುವ ಸೆಸ್ನಾ 172 ವಿಮಾನವನ್ನೇ ನೋಡಿ. ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿದ್ದರೆ ಮಳೆ ನೀರು ಒಳಗೆ ಇಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವವೂ ನೀರಾಗುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ನಿಲ್ಲುತ್ತದೆ. ಆದ್ದರಿಂದ ತಳದ ಡ್ರೈನಿನಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಂಧನ ತೆಗೆದು ನೋಡಬೇಕು. 172 ಎಸ್ ಮಾದರಿಯಲ್ಲಿ ಇಂಥ ಡ್ರೈನ್ 13 ಇವೆ: ಒಂದೊಂದು ರೆಕ್ಕೆಯಲ್ಲಿ 5, ಹೊಟ್ಟೆಯ ಕೆಳಗೆ 3. ರೆಕ್ಕೆಯದ್ದು ನೋಡಿದವರು ಹೊಟ್ಟೆಯ ಕೆಳಗೆ ಬಗ್ಗಲು ಉದಾಸೀನ ಮಾಡಿದರೆ ಮುಗಿಯಿತು.

ಬಗ್ಗಿ ನೋಡಿದವರಿಗೂ ಮೋಸ ಆಗುವುದುಂಟು. ಈ ವಿಮಾನದ 100 ಎಲ್‌ಎಲ್ ಇಂಧನದ ಬಣ್ಣ ತಿಳಿನೀಲಿ. ಕಪ್ಪಿನಲ್ಲಿ ಅರ್ಧ ನೀರು, ಅರ್ಧ ಇಂಧನ ಇದ್ದರೆ ನಡುವಿನ ಗೆರೆ ಕಾಣುತ್ತದೆ. ಕಪ್ ಪೂರ್ತಿ ನೀರೇ ಆಗಿದ್ದರೆ? ಗೆರೆಯೇ ಇಲ್ಲ. ಆಕಾಶಕ್ಕೆ ಹಿಡಿದು ನೋಡಿದರೆ ನೀರೂ ನೀಲಿಯೇ. ಹೊಸಬ 'ಶುದ್ಧ ಉಂಟು' ಅಂತ ಮುಂದೆ ಹೋಗುತ್ತಾನೆ. ಅದಕ್ಕೇ ಕಪ್ಪನ್ನು ಬಿಳಿ ಬಣ್ಣದ ಎದುರು ಹಿಡಿಯಬೇಕು, ವಾಸನೆಯನ್ನೂ ನೋಡಬೇಕು.

ಇಂಧನ ಎಷ್ಟಿದೆ ಎನ್ನುವುದಕ್ಕೆ ಗೇಜು ಒಂದನ್ನೇ ನಂಬುವ ಹಾಗಿಲ್ಲ, ಟ್ಯಾಂಕಿಗೆ ಅಳತೆಯ ಕೋಲು ಇಳಿಸಬೇಕು. ನೋಡಿ ಆದ ಮೇಲೆ ಮುಚ್ಚಳ ಸರಿಯಾಗಿ ಕೂರದಿದ್ದರೆ, ಹಾರುವಾಗ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಇಂಧನವನ್ನು ಹೊರಗೆ ಎಳೆದುಬಿಡುತ್ತದೆ.

ಇನ್ನೊಂದು, ಸ್ಟಿಯರಿಂಗಿನ ಲಾಕ್. ನಿಂತ ವಿಮಾನದ ರೆಕ್ಕೆ, ಬಾಲದ ಭಾಗಗಳು ಗಾಳಿಗೆ ಬಡಿಯದಂತೆ ಹಾಕುವಂಥದ್ದು. ಅದರ ಜೊತೆ ಕೆಂಪು ಪಟ್ಟಿ ಇರುತ್ತದೆ. ಅಸಲಿ ಲಾಕ್ ಕಳೆದುಹೋದಾಗ ಕೆಲವರು ಒಂದು ಮೊಳೆ ತುರುಕಿ ಬಿಡುತ್ತಾರೆ. ಮೊಳೆ ಯಾರ ಕಣ್ಣಿಗೆ ಬೀಳಬೇಕು?

ಲಾಕ್ ತೆಗೆಯದೆ ಹಾರಲು ಹೋದದ್ದು ಹೊಸಬರು ಮಾತ್ರ ಅಲ್ಲ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗಿನ ಮಾಡೆಲ್ 299 ಇದೇ ಕಾರಣಕ್ಕೆ ಬಿದ್ದು ಇಬ್ಬರು ಅನುಭವಿ ಪೈಲಟ್‌ಗಳು ತೀರಿಹೋದರು. ಪೈಲಟ್‌ಗಳ ಚೆಕ್‌ಲಿಸ್ಟ್ ರೂಢಿಗೆ ಬಂದದ್ದು ಆ ಅಪಘಾತದ ನಂತರ. ಆದರೂ 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫೋರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಲಾಕ್ ತೆಗೆಯದೆಯೇ ಓಡಿತು. ಸತ್ತವರು 7 ಮಂದಿ. ತನಿಖೆಯವರು ಹಳೆಯ ದಾಖಲೆ ತೆಗೆದು ನೋಡಿದರೆ, ಅದಕ್ಕೂ ಹಿಂದಿನ 175 ಹಾರಾಟಗಳಲ್ಲಿ ನಿಯಂತ್ರಣಗಳನ್ನು ಪೂರ್ತಿ ಆಡಿಸಿ ನೋಡಿದ್ದು ಎರಡೇ ಎರಡು ಸಲ! ಗೊತ್ತಿಲ್ಲದೆ ಬಿಟ್ಟದ್ದಲ್ಲ, ಬಿಟ್ಟು ಬಿಟ್ಟು ಅಭ್ಯಾಸ ಆಗಿತ್ತು.

ಈ ಅಭ್ಯಾಸ ತರಬೇತಿಯಲ್ಲೇ ಶುರುವಾಗಬಹುದು. 'ಈಗಷ್ಟೇ ಒಬ್ಬ ಹಾರಿಸಿ ಬಂದಿದ್ದಾನೆ, ಸರಿಯೇ ಇರುತ್ತದೆ' ಎನ್ನುವ ಧೈರ್ಯ. 'ಸರ್ ನೋಡಿರುತ್ತಾರೆ' ಅಂತ ವಿದ್ಯಾರ್ಥಿ, 'ಹುಡುಗ ನೋಡಿದ್ದಾನೆ' ಅಂತ ಸರ್. ನಡುವೆ ಒಂದು ಫೋನ್ ಬಂದರೆ ಎಲ್ಲಿಗೆ ನಿಲ್ಲಿಸಿದ್ದು ಎಂಬುದೇ ಮರೆತುಹೋಗುತ್ತದೆ. ಶಟರ್ ಎಳೆದು ಮನೆಗೆ ಹೊರಟ ಅಂಗಡಿಯವನಿಗೆ ಅರ್ಧ ದಾರಿಯಲ್ಲಿ 'ಬೀಗ ಹಾಕಿದೆನಾ?' ಅಂತ ಅನಿಸಿದರೆ ವಾಪಸ್ ಬಂದು ನೋಡಬಹುದು. ಇಲ್ಲಿ ಆ ಅವಕಾಶ ಇಲ್ಲ. ಹಾಗಾಗಿ ನಡುವೆ ತಡೆ ಬಂದರೆ ಮೊದಲಿನಿಂದ ಶುರು ಮಾಡುವುದೇ ಒಳ್ಳೆಯದು.

ಹತ್ತುವ ಮುಂಚೆ ಹತ್ತು ಹೆಜ್ಜೆ ಹಿಂದೆ ನಿಂತು ವಿಮಾನವನ್ನು ಇಡಿಯಾಗಿ ಒಮ್ಮೆ ನೋಡಬೇಕು. ಕಟ್ಟಿದ ಹಗ್ಗ, ಚಕ್ರದ ಅಡ್ಡೆ ಕಾಣುವುದು ಆಗಲೇ. ಮುಂದಿನ ಚಕ್ರಕ್ಕೆ ಸಿಕ್ಕಿಸಿ ಎಳೆಯುವ ಟೋ ಬಾರ್ ಅಲ್ಲೇ ಉಳಿದು ಪ್ರೊಪೆಲರ್‌ಗೆ ತಾಗಿದರೆ ಎಂಜಿನನ್ನೇ ಬಿಚ್ಚಿ ನೋಡಬೇಕಾಗುತ್ತದೆ, ಖರ್ಚು ಸಣ್ಣದಲ್ಲ.

ರೆಕ್ಕೆಯಡಿಯ ಪಿಟೊ ಕೊಳವೆಯ ಮೇಲೆ ಕವರ್ ಉಳಿದಿದ್ದರೆ, ಇಲ್ಲವೇ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದರೆ, ವೇಗ ತೋರಿಸುವ ಸೂಜಿ ಸರಿಯಾಗಿ ಏಳುವುದಿಲ್ಲ. ಅಂಥದ್ದು ಕಂಡರೆ ರನ್‌ವೇ ಇನ್ನೂ ಉಳಿದಿರುವಾಗಲೇ ಥ್ರಾಟಲ್ ಹಿಂದಕ್ಕೆಳೆದು ನಿಲ್ಲಿಸಬೇಕು.