ಎರಡು ಸಾವಿರ ಗಜದಾಚೆಯ ನೋಟ

ಹೆಲ್ಮೆಟ್ಟಿನಡಿ ಬೆವರು, ಕೊಳೆ ಮೆತ್ತಿದ ಮುಖ. ತುಟಿ ಅರೆತೆರೆದಿದೆ. ಕಣ್ಣುಗಳಂತೂ ರೆಪ್ಪೆ ಬಡಿಯುವುದನ್ನೇ ಮರೆತಂತೆ ಅಗಲವಾಗಿವೆ. ಆ ಸೈನಿಕನ ಎದುರೇ ನಿಂತರೂ ಆ ದೃಷ್ಟಿ ನಮ್ಮನ್ನು ದಾಟಿ ಹಿಂದೆಲ್ಲೋ ನೆಟ್ಟಿರುತ್ತದೆ. ಅಮೆರಿಕದ ಟಾಮ್ ಲೀ 1944ರಲ್ಲಿ ಬರೆದ ಈ ತೈಲಚಿತ್ರದ ಹೆಸರೇ ‘ಎರಡು ಸಾವಿರ ಗಜದ ನೋಟ’.

ಟೆಕ್ಸಾಸ್‌ನ ಎಲ್ ಪಾಸೊ ಊರಿನ ಲೀ, ‘ಲೈಫ್’ ಪತ್ರಿಕೆಯ ಯುದ್ಧ ಚಿತ್ರಕಾರ. ಆ ವರ್ಷ ಸೆಪ್ಟೆಂಬರ್ 15ರಂದು ಪೆಸಿಫಿಕ್ ಸಾಗರದ ಪೆಲೆಲ್ಯೂ ದ್ವೀಪಕ್ಕೆ ಮರೀನ್ ಪಡೆ ಲಗ್ಗೆಯಿಟ್ಟಾಗ ಅವರೂ ಜತೆಗಿಳಿದರು. ದ್ವೀಪದಲ್ಲಿದ್ದಷ್ಟು ಹೊತ್ತು ಒಂದು ಗೆರೆಯನ್ನೂ ಎಳೆಯಲಿಲ್ಲ. ಜೀವ ಉಳಿಸಿಕೊಳ್ಳುವುದು, ಕಂಡದ್ದನ್ನು ನೆನಪಿಟ್ಟುಕೊಳ್ಳುವುದು, ಇವೆರಡೇ ಅಲ್ಲಿ ತಾವು ಮಾಡಿದ ಕೆಲಸ ಎಂದು ಆಮೇಲೆ ಬರೆದುಕೊಂಡರು.

ನಾಲ್ಕೇ ದಿನದಲ್ಲಿ ಮುಗಿಯುತ್ತದೆಂದು ಮರೀನ್ ಡಿವಿಷನ್ನಿನ ಮುಖ್ಯಸ್ಥ ಜನರಲ್ ರುಪರ್ಟಸ್ ಲೆಕ್ಕ ಹಾಕಿದ್ದ ಕಾಳಗ ಎರಡು ತಿಂಗಳು ಮೀರಿತು. ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಸೈನಿಕರು ಸುಣ್ಣಕಲ್ಲಿನ ಗುಡ್ಡಗಳ ಗವಿಗಳಲ್ಲಿ ಬೀಡುಬಿಟ್ಟಿದ್ದರು. ಬಿಸಿಲು 40 ಡಿಗ್ರಿ ದಾಟುತ್ತಿತ್ತು. ಅಷ್ಟು ಜೀವ ತೆತ್ತು ಗೆದ್ದ ದ್ವೀಪದಿಂದ ಅಮೆರಿಕಕ್ಕೆ ಆದ ಉಪಯೋಗವಾದರೂ ಏನು ಎಂಬ ತಕರಾರು ಇತಿಹಾಸಕಾರರಲ್ಲಿ ಇನ್ನೂ ತೀರಿಲ್ಲ.

ಚಿತ್ರದ ಜತೆಗೆ ಲೀ ಬರೆದ ಟಿಪ್ಪಣಿ ಆ ಸೈನಿಕನ ಲೆಕ್ಕ ಒಪ್ಪಿಸುತ್ತದೆ. ದೇಶ ಬಿಟ್ಟು 31 ತಿಂಗಳು. ಮೊದಲ ಕಾಳಗದಲ್ಲೇ ಗಾಯ, ಆಮೇಲೆ ಉಷ್ಣವಲಯದ ಕಾಯಿಲೆಗಳು, ರಾತ್ರಿಯೆಲ್ಲ ಅರೆನಿದ್ದೆ. ಅವನ ಕಂಪನಿಯ ಮೂರರಲ್ಲಿ ಎರಡು ಪಾಲು ಮಂದಿ ಸತ್ತಿದ್ದಾರೆ, ಇಲ್ಲವೇ ಗಾಯಗೊಂಡಿದ್ದಾರೆ. ಆದರೂ ಬೆಳಗಾದರೆ ಮತ್ತೆ ದಾಳಿಗೆ ಹೊರಡಬೇಕು. ಇಷ್ಟೆಲ್ಲ ಹೇಳುವ ಟಿಪ್ಪಣಿ ಅವನ ಹೆಸರನ್ನು ಮಾತ್ರ ಹೇಳುವುದಿಲ್ಲ.

ಪೆಲೆಲ್ಯೂವಿನದೇ ಇನ್ನೊಂದು ಚಿತ್ರ ‘ದಿ ಪ್ರೈಸ್’ನಲ್ಲಿ ಲೀ, ಅರ್ಧ ಮೈ ಛಿದ್ರವಾದ ಸೈನಿಕನನ್ನು ನೆತ್ತರು ಸುರಿಯುತ್ತಿರುವಂತೆಯೇ ಬರೆದರು. ಅದನ್ನು ಹೆಚ್ಚು ಹೊತ್ತು ನೋಡುವುದು ಕಷ್ಟ. ‘ಎರಡು ಸಾವಿರ ಗಜದ ನೋಟ’ದಲ್ಲಿ ಕಣ್ಣಿಗೆ ಬೀಳುವ ಗಾಯವೇ ಇಲ್ಲ. ಟ್ಯಾಂಕು, ವಿಮಾನ, ಗುಡ್ಡ ಎಲ್ಲವೂ ಹಿಂದೆ ಸರಿದು ಸಣ್ಣದಾಗಿವೆ. ಅವನು ಕಾಳಗಕ್ಕೆ ಬೆನ್ನು ಹಾಕಿ ನಿಂತಿದ್ದಾನೆ. ಕಾಳಗ ಅವನನ್ನು ಬಿಟ್ಟಿಲ್ಲ. ನೆತ್ತರಿನ ಚಿತ್ರಕ್ಕಿಂತ ಇದೇ ಹೆಚ್ಚು ಕಾಡುತ್ತದೆ ಎನ್ನಲು ಅಷ್ಟು ಸಾಕು.

‘ಲೈಫ್’ ಇದನ್ನು ಅಚ್ಚು ಹಾಕಿದ್ದು 1945ರ ಜೂನ್ 11ರ ಸಂಚಿಕೆಯಲ್ಲಿ, ಜಪಾನ್ ಇನ್ನೂ ಶರಣಾಗದಿದ್ದಾಗ. ಆಗ ಸೇನಾ ವೈದ್ಯರು ಇಂಥ ಸ್ಥಿತಿಯನ್ನು ‘ಕಾಳಗದ ಬಳಲಿಕೆ’ ಎನ್ನುತ್ತಿದ್ದರು. ಒಂದಿಷ್ಟು ನಿದ್ದೆ, ಬಿಸಿ ಊಟ ಕೊಟ್ಟು ಆದಷ್ಟು ಮಂದಿಯನ್ನು ಮತ್ತೆ ಮುಂಚೂಣಿಗೆ ಕಳಿಸುವುದೇ ಚಿಕಿತ್ಸೆ. ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಅದು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧವೂ ಮುಗಿದ ಮೇಲೆ. ಲೀ ಬರೆದ ಚಿತ್ರ ಈಗ ಅಮೆರಿಕ ಸೇನೆಯದೇ ಕಲಾಸಂಗ್ರಹದಲ್ಲಿದೆ.