ಗಾಲ್ಫ್ ಕಲಿಸಲು ಬೇಕಾದ ಅರ್ಹತೆ, ಹಣ ನೋಡಿಕೊಳ್ಳಲು ಬೇಡವೇ?

ಅಮೆರಿಕದಲ್ಲಿ ಮತ್ತೊಬ್ಬರಿಗೆ ಗಾಲ್ಫ್ ಕಲಿಸುವ ಮಾನ್ಯತೆ ಪಡೆದ ವೃತ್ತಿಪರನಾಗಬೇಕಾದರೆ ಮೊದಲು ತಾನು ಆಡಿ ತೋರಿಸಬೇಕು. 1916ರಲ್ಲಿ ಸ್ಥಾಪನೆಯಾದ ಅಲ್ಲಿನ ವೃತ್ತಿಪರ ಗಾಲ್ಫರ್‌ಗಳ ಸಂಘವಾದ ‘ಪಿಜಿಎ ಆಫ್ ಅಮೆರಿಕ’ ಇದಕ್ಕಾಗಿಯೇ ಆಟದ ಸಾಮರ್ಥ್ಯ ಪರೀಕ್ಷೆಯೊಂದನ್ನು ನಡೆಸುತ್ತ ಬಂದಿದೆ. ಅದರ ಸಾಂಪ್ರದಾಯಿಕ ಸ್ವರೂಪ ಸರಳ, ಆದರೆ ನಿರ್ದಯ. ಒಂದೇ ದಿನದಲ್ಲಿ 36 ಕುಳಿಗಳನ್ನು ಆಡಿ ಮುಗಿಸಬೇಕು. ಮೈದಾನದ ಕಾಠಿಣ್ಯವನ್ನು ಅಳೆದು ಮೊದಲೇ ಗೊತ್ತುಪಡಿಸಿರುವ ಅಂಕವನ್ನು ಇಮ್ಮಡಿಗೊಳಿಸಿ, ಅದಕ್ಕೆ 15 ಸೇರಿಸಿದರೆ ದೊರೆಯುವ ಸಂಖ್ಯೆಯೇ ಗುರಿ. ಆ ಅಂಕ 72 ಆಗಿದ್ದರೆ 159 ಹೊಡೆತಗಳೊಳಗೆ ಆಟ ಮುಗಿಯಬೇಕು. 160 ಆಯಿತೆಂದರೆ ಶುಲ್ಕ ಕಟ್ಟಿ ಇನ್ನೊಂದು ದಿನ ಬರಬೇಕು. ಗಾಳಿ ಬೀಸಿತು, ಮಳೆ ಬಂತು, ಕೈ ನಡುಗಿತು ಎಂಬ ಸಬೂಬುಗಳಿಗೆ ಅಲ್ಲಿ ಕೃಪಾಂಕವಿಲ್ಲ. ಈ ಪರೀಕ್ಷೆಗೆ ಇಳಿದವರಲ್ಲಿ ತೇರ್ಗಡೆಯಾಗುವವರು ಶೇ 20ಕ್ಕಿಂತ ಕಡಿಮೆ ಎಂಬುದು ಆ ವಲಯದಲ್ಲಿ ಬಹುಕಾಲದಿಂದ ಪ್ರಚಲಿತವಿರುವ ಲೆಕ್ಕ. ಇಷ್ಟು ದಾಟಿದ ಮೇಲೂ ಆಟದ ನಿಯಮ, ಬೋಧನೆ, ಕ್ಲಬ್ಬಿನ ಆಡಳಿತ ಮೊದಲಾದ ವಿಷಯಗಳಲ್ಲಿ ಮೂರು ಹಂತಗಳ ವ್ಯಾಸಂಗ ಕಾದಿರುತ್ತದೆ.

ಅದೇ ದೇಶದಲ್ಲಿ ಇನ್ನೊಬ್ಬರ ಜೀವಮಾನದ ಉಳಿತಾಯವನ್ನು ಎಲ್ಲಿ ತೊಡಗಿಸಬೇಕೆಂದು ಶುಲ್ಕ ಪಡೆದು ಸಲಹೆ ಕೊಡಲು ಏನು ಬೇಕು? ಬಹುತೇಕ ರಾಜ್ಯಗಳು ಕೇಳುವುದು ‘ಸೀರೀಸ್ 65’ ಎಂಬ ಪರೀಕ್ಷೆಯನ್ನು. ಅಂಕಕ್ಕೆ ಪರಿಗಣಿಸುವ 130 ಬಹು ಆಯ್ಕೆಯ ಪ್ರಶ್ನೆಗಳು, ಮೂರು ಗಂಟೆಯ ಅವಧಿ, 92 ಉತ್ತರಗಳು ಸರಿಯಿದ್ದರೆ ಸಾಕು. ಈ ಪರೀಕ್ಷೆಗೆ ಕೂರಲು ಪದವಿಯ ಅಗತ್ಯವಿಲ್ಲ. ಯಾವುದೇ ಸಂಸ್ಥೆಯ ಶಿಫಾರಸೂ ಬೇಕಿಲ್ಲ. ಒಬ್ಬರ ಹಣವನ್ನಾದರೂ ನಿಭಾಯಿಸಿ ತೋರಿಸು ಎಂದು ಯಾರೂ ಕೇಳುವುದಿಲ್ಲ.

ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನಗುವುದು ಸುಲಭ. ಕೆಟ್ಟ ಗಾಲ್ಫ್ ಗುರುವಿನಿಂದ ಆಗಬಹುದಾದ ಗರಿಷ್ಠ ನಷ್ಟವೆಂದರೆ ಶಿಷ್ಯನ ಚೆಂಡು ಕೆರೆಗೆ ಬೀಳುವುದು. ಕೆಟ್ಟ ಹಣಕಾಸು ಸಲಹೆಗಾರನಿಂದಾಗುವ ನಷ್ಟ ಮಗಳ ವಿದ್ಯಾಭ್ಯಾಸದವರೆಗೆ, ಮುಪ್ಪಿನ ಔಷಧದ ಖರ್ಚಿನವರೆಗೆ ಚಾಚಿಕೊಳ್ಳಬಲ್ಲದು. ಹಾಗಿದ್ದರೂ ಅಡ್ಡಗೋಡೆ ಎತ್ತರವಾಗಿರುವುದು ಮೊದಲನೆಯವನಿಗೆ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ನಗೆಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿಸುವ ಪ್ರಶ್ನೆ, ಇದು ಹೀಗೇಕಾಯಿತು ಎಂಬುದು.

ಹಣಕಾಸಿನ ಅರ್ಹತೆಗಳೆಲ್ಲವೂ ಸುಲಭವೆಂದು ಇದರ ಅರ್ಥವಲ್ಲ. ಹೂಡಿಕೆ ವಿಶ್ಲೇಷಕರಿಗೂ ವೃತ್ತಿಪರ ಮಾನ್ಯತೆ ಇರಬೇಕೆಂದು ಬೆಂಜಮಿನ್ ಗ್ರಹಾಂ 1940ರ ದಶಕದಲ್ಲಿ ವಾದಿಸಿದ್ದರು. ಆ ವಾದದ ಫಲವಾದ ಸಿಎಫ್‌ಎ ಪರೀಕ್ಷೆ 1963ರಲ್ಲಿ ಆರಂಭವಾಯಿತು. ಮೂರು ಹಂತಗಳು, ಪ್ರತಿ ಹಂತಕ್ಕೂ ಸುಮಾರು 300 ಗಂಟೆಗಳ ಓದು, ಜೊತೆಗೆ 4,000 ಗಂಟೆಗಳ ವೃತ್ತಿ ಅನುಭವ. ಮೊದಲ ಹಂತದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಸಾಮಾನ್ಯವಾಗಿ ಅನುತ್ತೀರ್ಣರಾಗುತ್ತಾರೆ. ನಮ್ಮ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯ ವಿಚಾರ ಕನ್ನಡದ ಮಧ್ಯಮ ವರ್ಗದ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಫಲಿತಾಂಶದ ದಿನ ಅಡುಗೆಮನೆಯಲ್ಲೂ ಮೌನ ಆವರಿಸಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ.

ಆದರೂ ಈ ಕಷ್ಟ ಬೇರೆ ಜಾತಿಯದು. ಸಿಎಫ್‌ಎ ಒಂದು ಹೊಸ್ತಿಲು. ದಾಟಿದವರೆಲ್ಲರಿಗೂ ಒಳಗೆ ಜಾಗವಿದೆ. ನಾನು ಪಾಸಾದರೆ ಪಕ್ಕದವನು ನಪಾಸಾಗಬೇಕೆಂಬ ನಿಯಮವಿಲ್ಲ. ಒಮ್ಮೆ ಪಡೆದ ಮೇಲೆ ವಾರ್ಷಿಕ ಶುಲ್ಕ ಕಟ್ಟಿ ನೀತಿಸಂಹಿತೆಗೆ ಬದ್ಧನಾಗಿದ್ದರೆ ಬಿರುದು ಉಳಿಯುತ್ತದೆ. ಗಾಲ್ಫ್ ಕಲಿಸುವವನ ಪರೀಕ್ಷೆಯೂ ಒಂದರ್ಥದಲ್ಲಿ ಹೊಸ್ತಿಲೇ. ಅಲ್ಲಿ ಎದುರಾಳಿ ಮೈದಾನ ಮಾತ್ರ. ಟೂರ್ನಿಗಳನ್ನು ಆಡಿಯೇ ಬದುಕಬೇಕೆಂದು ಹೊರಟವನ ಕಥೆ ಹಾಗಲ್ಲ. 1968ರಲ್ಲಿ ಕಲಿಸುವವರ ಸಂಘದಿಂದ ಆಡುವವರು ಬೇರ್ಪಟ್ಟು ಕಟ್ಟಿಕೊಂಡದ್ದೇ ಇಂದಿನ ಪಿಜಿಎ ಟೂರ್. ಅದರೊಳಗೆ ಪ್ರವೇಶ ಕೊಡುವ ಅರ್ಹತಾ ಪಂದ್ಯಗಳಿಗೆ ‘ಕ್ಯೂ ಸ್ಕೂಲ್’ ಎಂಬ ಸೌಮ್ಯ ಹೆಸರಿದೆ. ಅಲ್ಲಿಂದ ನೇರವಾಗಿ ಟೂರ್‌ಗೆ ಹೋಗುವ ದಾರಿ 2012ರ ನಂತರ ಒಂದು ದಶಕ ಮುಚ್ಚಿತ್ತು. 2023ರಲ್ಲಿ ಮತ್ತೆ ತೆರೆದಾಗ ಅಂತಿಮ ಸುತ್ತಿನ ಮೊದಲ ಐವರಿಗೆ ಮತ್ತು ಐದನೆಯವನೊಂದಿಗೆ ಸಮಬಲ ಸಾಧಿಸಿದವರಿಗೆ ಮಾತ್ರ ಕಾರ್ಡ್ ಸಿಕ್ಕಿತು. 2025ರಲ್ಲಿ ಸಮಬಲದ ರಿಯಾಯಿತಿಯನ್ನೂ ತೆಗೆದರು. ಕಾರ್ಡ್ ಸಿಕ್ಕಿತೆಂದು ನೆಮ್ಮದಿಯಿಂದ ಇರುವಂತಿಲ್ಲ. ವರ್ಷಾಂತ್ಯದಲ್ಲಿ ಹಕ್ಕು ಉಳಿಸಿಕೊಳ್ಳುವವರ ಸಂಖ್ಯೆಯನ್ನು 2026ರ ಋತುವಿಗೆಂದು 125ರಿಂದ 100ಕ್ಕೆ ಇಳಿಸಲಾಯಿತು. ಇಲ್ಲಿ ಒಬ್ಬ ಒಳಬಂದರೆ ಇನ್ನೊಬ್ಬ ಹೊರಹೋಗಲೇಬೇಕು. ಅಂಕ ಮುಖ್ಯವಲ್ಲ, ಸ್ಥಾನ ಮುಖ್ಯ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಈ ಬಾಗಿಲುಗಳನ್ನು ದಾಟಿದ ಬಗೆಯನ್ನು ಇಲ್ಲಿ ನೆನೆಯಬೇಕು. 2015ರ ಡಿಸೆಂಬರಿನಲ್ಲಿ, 17ರ ಹರೆಯದಲ್ಲಿ, ಯುರೋಪಿನ ಮಹಿಳಾ ಟೂರ್‌ನ ಅರ್ಹತಾ ಪಂದ್ಯವನ್ನು ಮೊರೊಕ್ಕೊದಲ್ಲಿ ಗೆದ್ದು ಆಕೆ ವೃತ್ತಿಗೆ ಕಾಲಿಟ್ಟರು. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಾಯಿಯೇ ಗಾಲ್ಫ್ ಚೀಲ ಹೊತ್ತು ಜೊತೆ ನಡೆದಾಗ, ನಾಲ್ಕು ದಿನಗಳ 72 ಕುಳಿಗಳ ನಂತರ ನಾಲ್ಕನೆಯವರಾದರು. ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ ಒಂದು ಹೊಡೆತ. ಅವರ ಸಾಮರ್ಥ್ಯಕ್ಕೆ ಪ್ರಮಾಣಪತ್ರ ಬೇಕೇ? ಆ ನಾಲ್ಕು ದಿನಗಳ ಲೆಕ್ಕ ಲೋಕದ ಕಣ್ಣೆದುರಿಗಿದೆ.

ಹಣಕಾಸಿನಲ್ಲಿ ಇಂಥ ಲೆಕ್ಕ ಕಣ್ಣೆದುರಿಗೆ ಬರುವುದಿಲ್ಲ. ವ್ಯತ್ಯಾಸದ ಮೂಲ ಇಲ್ಲಿದೆ. ಸರಕಿನ ಗುಣಮಟ್ಟ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬ ಸನ್ನಿವೇಶದಲ್ಲಿ ಮಾರುಕಟ್ಟೆಗೆ ಏನಾಗುತ್ತದೆಂಬುದನ್ನು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯೊಂದಿಗೆ ವಿವರಿಸಿದರು. ಹಳೆಯ ಕಾರಿನ ದೋಷವಾದರೂ ಕೊಂಡ ಕೆಲ ತಿಂಗಳಲ್ಲಿ ಬಯಲಾಗುತ್ತದೆ. ಆದರೆ ಕೆಲವು ಸೇವೆಗಳ ಗುಣ ಪಡೆದ ಮೇಲೂ ತಿಳಿಯುವುದಿಲ್ಲ. ನಂಬಿಕೆಯ ಮೇಲೆಯೇ ಕೊಳ್ಳಬೇಕು. ಹೂಡಿಕೆಯ ಸಲಹೆ ಈ ಬಗೆಯದು. ಷೇರುಪೇಟೆ ಏರುವಾಗ ಎಲ್ಲ ಸಲಹೆಗಾರರೂ ಪಂಡಿತರೇ. ಹತ್ತು ವರ್ಷದ ನಂತರ ಬಂದ ಲಾಭದಲ್ಲಿ ಜಾಣ್ಮೆಯ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸಂಖ್ಯಾಶಾಸ್ತ್ರಜ್ಞರಿಗೂ ಕಷ್ಟ. ಕೆಲಸವನ್ನು ಅಳೆಯಲು ಬಾರದಿದ್ದಾಗ ಓದನ್ನು ಅಳೆಯುತ್ತೇವೆ. ಸರ್ಕಾರಿ ಸೇವೆಯ ನೇಮಕಾತಿಯನ್ನು ಹತ್ತಿರದಿಂದ ಕಂಡವರಿಗೆ ಈ ಅಭ್ಯಾಸ ಅಪರಿಚಿತವಲ್ಲ.

ಅತಿ ಕಠಿಣ ಓದು ಕೂಡ ಫಲಿತಾಂಶದ ಭರವಸೆ ಕೊಡದು. ಅಮೆರಿಕದಲ್ಲಿ ನುರಿತ ವ್ಯವಸ್ಥಾಪಕರು ನಡೆಸುವ ದೊಡ್ಡ ಕಂಪನಿಗಳ ಷೇರು ನಿಧಿಗಳಲ್ಲಿ ಬಹುಪಾಲು, ದೀರ್ಘಾವಧಿಯಲ್ಲಿ ಎಸ್ ಅಂಡ್ ಪಿ 500 ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿವೆ. ಅವರು ದಡ್ಡರೆಂದಲ್ಲ, ಅವರಿಂದ ಷೇರು ಕೊಳ್ಳುವವನೂ ಅವರಿಗೆ ಮಾರುವವನೂ ಅದೇ ಪಠ್ಯ ಓದಿ ಅದೇ ಪರೀಕ್ಷೆ ಪಾಸಾದವರು. ಗಾಲ್ಫ್ ಮೈದಾನವಾದರೂ ಆಟಗಾರನೊಂದಿಗೆ ತಾನೂ ರಾತ್ರಿ ಕೂತು ಓದುವುದಿಲ್ಲ.

ಗಾಲ್ಫ್‌ನಿಂದ ಹಣಕಾಸು ಕಲಿಯಬೇಕಾದದ್ದು ಪರೀಕ್ಷೆಯ ಕಷ್ಟವನ್ನಲ್ಲ, ಸಹಿಯ ಹೊಣೆಯನ್ನು ಎಂದು ನನಗನಿಸುತ್ತದೆ. ಗಾಲ್ಫ್‌ನಲ್ಲಿ ಆಟಗಾರನ ಅಂಕವನ್ನು ಜೊತೆಗಾರ ಬರೆಯುತ್ತಾನೆ. ಆಟಗಾರ ಪರಿಶೀಲಿಸಿ ಸಹಿ ಹಾಕುತ್ತಾನೆ. 1968ರ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 65 ಹೊಡೆತಗಳಲ್ಲಿ ಆಟ ಮುಗಿಸಿದ್ದರು. 17ನೆಯ ಕುಳಿಯಲ್ಲಿ ಅವರು ಆಡಿದ್ದು ಮೂರು ಹೊಡೆತ. ಜೊತೆಗಾರ ಬರೆದದ್ದು ನಾಲ್ಕು. ಗಮನಿಸದೆ ಸಹಿ ಹಾಕಿದರು. ದೂರದರ್ಶನದಲ್ಲಿ ನೋಡಿದವರಿಗೆಲ್ಲ ನಿಜ ಗೊತ್ತಿದ್ದರೂ ಸಹಿ ಮಾಡಿದ 66 ಅಂಕವೇ ಊರ್ಜಿತವಾಯಿತು. ಬಾಬ್ ಗೋಲ್ಬಿ ಜೊತೆ ಪ್ರಶಸ್ತಿಗಾಗಿ ಮತ್ತೆ ಸೆಣಸುವ ಅವಕಾಶ ಒಂದು ಹೊಡೆತದಲ್ಲಿ ತಪ್ಪಿತು. ಕ್ರೂರವೆನಿಸಬಹುದು. ಆದರೆ ಅಲ್ಲಿ ಸಹಿ ಹಾಕುವವನೂ ಫಲ ಉಣ್ಣುವವನೂ ವೃತ್ತಿಪರನೇ.

ಹಣಕಾಸಿನಲ್ಲಿ ಸಹಿ ಯಾರದು? ನಿವೃತ್ತಿಯ ನಂತರ ನನ್ನ ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯ ಮೊತ್ತ ಖಾತೆಗೆ ಜಮೆಯಾದ ವಾರದೊಳಗೆ ಬ್ಯಾಂಕೊಂದರ ವಿನಯವಂತ ತರುಣನೊಬ್ಬ ಮನೆಗೆ ಬಂದ. ‘ಸರ್’ ಎಂದು ಸಂಬೋಧಿಸಿ, ಕೊಟ್ಟ ಕಾಫಿ ಕುಡಿದು, ಮಾರುಕಟ್ಟೆಗೆ ಜೋಡಿಸಿದ ವಿಮಾ ಪಾಲಿಸಿಯೊಂದನ್ನು ಮುಂದಿಟ್ಟ. ಅರ್ಜಿಯಲ್ಲಿ ನಾನು ಸಹಿ ಹಾಕಬೇಕಾದ ಹನ್ನೊಂದು ಕಡೆ ಪೆನ್ಸಿಲ್ ಗುರುತು ಹಾಕಿಯಾಗಿತ್ತು. ಅಪಾಯಗಳನ್ನೆಲ್ಲ ಅರಿತಿದ್ದೇನೆ ಎಂಬ ಘೋಷಣೆಯೂ ಅದರಲ್ಲಿ ಒಂದು. ಅವನು ಸಹಿ ಹಾಕಬೇಕಾದ ಜಾಗಗಳಲ್ಲಿ ಎಲ್ಲಿಯೂ, ಇದು ಈ ಮನುಷ್ಯನ ವಯಸ್ಸಿಗೂ ಅಗತ್ಯಕ್ಕೂ ಸೂಕ್ತವೆಂದು ನಾನು ಹೊಣೆ ಹೊರುತ್ತೇನೆ ಎಂಬ ಮಾತಿರಲಿಲ್ಲ. ಇದರಿಂದ ನಿಮಗೆ ಎಷ್ಟು ಸಿಗುತ್ತದಪ್ಪ ಎಂದು ಕೇಳಿದೆ. ಅದು ಬ್ಯಾಂಕಿಗೆ ಸರ್, ನಮಗೆ ಟಾರ್ಗೆಟ್ ಮಾತ್ರ ಎಂದ. ಹುಡುಗ ಸುಳ್ಳು ಹೇಳಲಿಲ್ಲ. ನಾನು ಸಹಿ ಹಾಕಲಿಲ್ಲ.

ನಮ್ಮಲ್ಲಿ ವಿಮಾ ಏಜೆಂಟರ ಅರ್ಹತಾ ಪರೀಕ್ಷೆ 50 ಪ್ರಶ್ನೆಗಳದ್ದು. ಒಂದು ಗಂಟೆಯ ಅವಧಿ, ಶೇ 35 ಅಂಕ ಬಂದರೆ ತೇರ್ಗಡೆ. ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡು ಗಂಟೆ, ಶೇ 50. ಇದಕ್ಕೆ ಪ್ರತಿಯಾಗಿ, ಗ್ರಾಹಕನಿಂದಲೇ ಶುಲ್ಕ ಪಡೆಯುವ ಹೂಡಿಕೆ ಸಲಹೆಗಾರರಿಗೆಂದು ಸೆಬಿ 2013ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿತು. ಉದ್ದೇಶ ಒಳ್ಳೆಯದು. 2020ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ ಸ್ನಾತಕೋತ್ತರ ಪದವಿ ಮತ್ತು ಐದು ವರ್ಷಗಳ ಅನುಭವವನ್ನು ಕಡ್ಡಾಯಗೊಳಿಸಿತು. ಪರಿಣಾಮವೇನು? 2024ರ ಹೊತ್ತಿಗೆ ಇಡೀ ದೇಶದಲ್ಲಿ ನೋಂದಾಯಿತ ಸಲಹೆಗಾರರು ಸುಮಾರು ಒಂದು ಸಾವಿರ. ಜೀವ ವಿಮಾ ನಿಗಮವೊಂದರ ಏಜೆಂಟರೇ 13 ಲಕ್ಷಕ್ಕೂ ಅಧಿಕ. ಅದೇ ವರ್ಷದ ಡಿಸೆಂಬರಿನಲ್ಲಿ ಸೆಬಿ ಪದವಿ ಸಾಕೆಂದು ಸಡಿಲಿಸಿ, ಅನುಭವದ ಷರತ್ತನ್ನು ಕೈಬಿಟ್ಟಿತು.

ಪರವಾನಗಿಯ ಗೋಡೆ ಎತ್ತರವಾದಷ್ಟೂ ಒಳಗಿರುವವರಿಗೆ ಲಾಭ, ಹೊರಗಿನ ಗ್ರಾಹಕನಿಗಲ್ಲ ಎಂದು ಮಿಲ್ಟನ್ ಫ್ರೀಡ್‌ಮನ್ 1962ರಷ್ಟು ಹಿಂದೆಯೇ ವಾದಿಸಿದ್ದರು. ಅವರ ಎಲ್ಲ ತೀರ್ಮಾನಗಳೂ ನನಗೆ ಒಪ್ಪಿತವಲ್ಲ. ವೈದ್ಯರಿಗೂ ಪರವಾನಗಿ ಬೇಡವೆಂಬ ಅವರ ಮಾತು ನಮ್ಮ ದೇಶದ ಪರಿಸ್ಥಿತಿ ಬಲ್ಲವರಿಗೆ ರುಚಿಸದು. ಆದರೆ ಹಣಕಾಸು ಸಲಹೆಯ ವಿಷಯದಲ್ಲಿ ಗೋಡೆಯ ಎತ್ತರವನ್ನೇ ಏರಿಸಿ ಇಳಿಸಿ ನಾವು ಕಾಲ ಕಳೆದೆವು ಎಂಬುದನ್ನು ಅಲ್ಲಗಳೆಯಲಾಗದು. ಗಾಲ್ಫ್ ಕಲಿಸುವವನಿಗೆ ಸಂಬಳ ಕೊಡುವವನು ಶಿಷ್ಯ ಇಲ್ಲವೇ ಅವನ ಕ್ಲಬ್ಬು. ಕೋಲು ತಯಾರಿಸುವ ಕಂಪನಿಯಿಂದಷ್ಟೇ ಅವನ ಹೊಟ್ಟೆ ತುಂಬುವಂತಿದ್ದರೆ, ಪ್ರತಿ ಪಾಠದ ಕೊನೆಗೂ ಶಿಷ್ಯನಿಗೆ ಹೊಸ ಕೋಲು ಬೇಕೆಂಬ ತೀರ್ಪೇ ಬರುತ್ತಿತ್ತು. ಮೂರು ಹಂತ ಪಾಸಾಗಿ ಮಾರುವ ಕಂಪನಿಯಿಂದ ಕಮಿಷನ್ ಪಡೆಯುವವನಿಗಿಂತ, ಸಾಧಾರಣ ಓದಿನ, ಆದರೆ ನನ್ನ ಕೈಯಿಂದಲೇ ಶುಲ್ಕ ಪಡೆಯುವವನನ್ನು ನಾನು ಆರಿಸಿಕೊಂಡೇನು.

ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳು ಬಿದ್ದಿವೆ. 2009ರ ಆಗಸ್ಟಿನಿಂದ ಮ್ಯೂಚುವಲ್ ಫಂಡ್‌ಗಳ ಪ್ರವೇಶ ಶುಲ್ಕ ರದ್ದಾಯಿತು. 2013ರ ಜನವರಿಯಿಂದ ಮಧ್ಯವರ್ತಿಯಿಲ್ಲದೆ ನೇರವಾಗಿ ಹೂಡುವ ಯೋಜನೆಗಳು ಬಂದವು. 2016ರ ಅಕ್ಟೋಬರಿನಿಂದ, ಹೂಡಿಕೆದಾರರಿಗೆ ಅರ್ಧವರ್ಷಕ್ಕೊಮ್ಮೆ ಬರುವ ಒಟ್ಟು ಲೆಕ್ಕಪತ್ರದಲ್ಲಿ ವಿತರಕನಿಗೆ ಸಂದ ಕಮಿಷನ್ನಿನ ಮೊತ್ತವನ್ನು ರೂಪಾಯಿಗಳಲ್ಲಿ ನಮೂದಿಸಬೇಕಾಯಿತು. ನನ್ನ ಪರಿಚಯದ ನಿವೃತ್ತರಲ್ಲಿ ಬೆಳಗಿನ ನಡಿಗೆಯ ಹೊತ್ತು ಷೇರುಪೇಟೆಯನ್ನು ಗಂಟೆಗಟ್ಟಲೆ ಚರ್ಚಿಸುವವರು ಹಲವರಿದ್ದಾರೆ. ಆ ಸಾಲನ್ನು ಓದಿದ್ದೀರಾ ಎಂದು ಈಚೆಗೆ ಕೇಳಿದೆ. ಆರು ಮಂದಿಯಲ್ಲಿ ಒಬ್ಬರು, ಅವರೂ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು, ಹೌದೆಂದರು. ಉಳಿದವರು ಮನೆಗೆ ಹೋಗಿ ಹುಡುಕುವುದಾಗಿ ಹೇಳಿದ್ದಾರೆ.